ಮೋಟುಮೊಳ

ಹೊಂಗೆರೆಯ ಮೂಡಣ ಮಹಾದ್ವಾರದಲ್ಲಿ ಸೂರ್ಯೋದಯದ ನಗಾರಿ ಮೊಳಗಿತೆಂದರೆ ಪೇಟೆಯ ಬೀದಿಗಳೆಲ್ಲ ಒಮ್ಮೆಲೇ ಕಣ್ತೆರೆಯುತ್ತಿದ್ದವು. ಕೆರೆಯ ಏರಿಯ ಮೇಲಿಂದ ಭತ್ತದ ಬಂಡಿಗಳು ಸಾಲಾಗಿ ಇಳಿದುಬರುತ್ತಿದ್ದವು. ಕಂಚುಗಾರರ ಕೇರಿಯ ಬಡಿತವೂ ದೇಗುಲದ ಗಂಟೆಯ ನಾದವೂ ಬೆರೆತು ಯಾವುದು ಯಾವುದೆಂದು ತಿಳಿಯದಂತಾಗುತ್ತಿತ್ತು. ಮಾವುತರು ಪಟ್ಟದಾನೆಯನ್ನು ಮೀಯಿಸಲು ಕರೆದೊಯ್ಯುವಾಗ ಹೂವಾಡಗಿತ್ತಿಯರು ಬುಟ್ಟಿಗಳನ್ನು ಮಡಿಲಿಗೆಳೆದುಕೊಂಡು ದಾರಿ ಬಿಡುತ್ತಿದ್ದರು. ಪರದೇಶದಿಂದ ಬಂದವನ ಕಣ್ಣಿಗೆ ಅದು ಸಿರಿಯ ತವರುಮನೆ.

ಆದರೆ ಆ ವರ್ಷದ ಮಾಘಮಾಸದಿಂದೀಚೆಗೆ ಪುರದ ಜನ ಏನನ್ನು ಕೊಂಡರೂ ಕೊಂಚ ಸಾಲದೆ ಬರುತ್ತಿತ್ತು. ಹೊಸ ಸೀರೆಯುಟ್ಟವಳಿಗೆ ಸೆರಗು ಹೆಗಲು ದಾಟುತ್ತಿರಲಿಲ್ಲ. ಹೊಸ ಹಗ್ಗ ಬಿಗಿದು ಬಾವಿಗಿಳಿಸಿದ ಕೊಡ ನೀರನ್ನು ಮುಟ್ಟದೆ ಕತ್ತಲಲ್ಲಿ ತೂಗಾಡುತ್ತಿತ್ತು. ಅಗಸರ ಕೇರಿಯಲ್ಲಿ ಸತ್ತ ಮುದುಕನೊಬ್ಬನಿಗೆ ಹೊದಿಸಿದ ಬಟ್ಟೆಯಿಂದ ಪಾದಗಳೆರಡೂ ಹೊರಗುಳಿದವೆಂದೂ, ಎಷ್ಟು ಎಳೆದರೂ ಮುಚ್ಚಲಿಲ್ಲವೆಂದೂ ಹೆಂಗಸರು ಪಿಸುಗುಟ್ಟಿದರು. ರಾಜ್ಯಕ್ಕೆ ಕೇಡು ಹತ್ತಿರವಾದಾಗ ವಸ್ತುಗಳು ಕುಗ್ಗುತ್ತವೆ ಎಂದು ಜೋಯಿಸನೊಬ್ಬ ಹೇಳಿದನು. ಮರುದಿನದಿಂದ ಅವನು ಪುರದಲ್ಲಿ ಕಾಣಿಸಲಿಲ್ಲ.

ಕುಗ್ಗಿದ್ದು ವಸ್ತುಗಳಲ್ಲ, ಮೊಳ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಎರಡು ಗೇಣು, ಎಂದರೆ ಇಪ್ಪತ್ತನಾಲ್ಕು ಅಂಗುಲ. ಇದು ಆ ನಾಡಿನ ಹಿರಿಯರು ಕಂಡ ಮೊಳ. ಮಹಾದ್ವಾರದ ಬಲಗಂಬದಲ್ಲಿ ಕೊರೆದಿದ್ದ ಎರಡು ಗೀಟುಗಳ ನಡುವೆ ಅದು ತಲೆಮಾರುಗಳಿಂದ ಭದ್ರವಾಗಿತ್ತು. ಮಾಘದಲ್ಲಿ ದ್ವಾರದ ಜೀರ್ಣೋದ್ಧಾರವಾಯಿತು. ಹಳೆಯ ಕಂಬ ಇಳಿಯಿತು, ಹೊಸದು ಎದ್ದಿತು, ಹೊಸದರಲ್ಲಿ ಗೀಟುಗಳು ಮೂರಂಗುಲ ಹತ್ತಿರವಾದವು. ಬೆರಳು ಮಡಿಚಿ ಮುಷ್ಟಿ ಕಟ್ಟಿದರೆ ಕೈ ಎಷ್ಟುದ್ದವೋ ಅಷ್ಟು. ಹಳ್ಳಿಗರು ಅದನ್ನು ಮೋಟುಮೊಳವೆನ್ನುತ್ತಾರೆ. ಮಹಾಪ್ರಧಾನ ಚಾವಿಮಯ್ಯನು ಅದಕ್ಕೆ ರಾಜಹಸ್ತವೆಂದು ಹೆಸರಿಟ್ಟನು. ಅಳೆಯುವ ಗಳೆ ಗಿಡ್ಡವಾದೊಡನೆ ರೈತನ ಹೊಲ ಅಳತೆಯಲ್ಲಿ ಬೆಳೆಯಿತು, ಹೊಲದೊಡನೆ ತೆರಿಗೆಯೂ ಬೆಳೆಯಿತು. ಜನ ಗೊಣಗಿಕೊಂಡು ತೆತ್ತರು. ಆದರೆ ಚತುರನಾದವನು ಒಂದು ಕೆಲಸಕ್ಕೆಂದು ಮಸೆದ ಕತ್ತಿಗೆ ಇನ್ನೊಂದು ಕೆಲಸವನ್ನೂ ಹುಡುಕಿಕೊಳ್ಳುತ್ತಾನೆ.

ಅರಸ ಬೊಪ್ಪದೇವನು ಹಾಸಿಗೆ ಹಿಡಿದು ಬಹುಕಾಲವಾಗಿತ್ತು. ಮೊದಲ ರಾಣಿ ತೀರಿಕೊಂಡಿದ್ದಳು. ಅವಳ ಮಗ ನನ್ನಿದೇವನೇ ಯುವರಾಜ. ಎರಡನೆಯ ರಾಣಿ ಮಾಳಲದೇವಿಗೆ ಇನ್ನೂ ತೊದಲುವ ಮಗನಿದ್ದನು. ಚಾವಿಮಯ್ಯನು ಆಕೆಯ ಒಡಹುಟ್ಟಿದ ಅಣ್ಣ. ಸೋದರಳಿಯನಿಗೂ ಸಿಂಹಾಸನಕ್ಕೂ ನಡುವೆ ಇದ್ದದ್ದು ನನ್ನಿದೇವನ ಪ್ರಾಣವೊಂದೇ. ಆ ನನ್ನಿದೇವನು ಮಾಘಕ್ಕೂ ಮೊದಲೇ ತನ್ನವರೊಡನೆ ಪುರ ಬಿಟ್ಟು ಹೋಗಿ ಈಗ, ದಂಗೆಯೆದ್ದ ಮಾಂಡಲಿಕ ಸಂಕರಸನನ್ನು ಅಡಗಿಸಲು, ಐದು ಗಾವುದ ದೂರದ ಕಾರೆಗಲ್ಲಿನ ಕೋಟೆಯ ಬುಡದಲ್ಲಿ ಪಾಳೆಯ ಬಿಟ್ಟಿದ್ದನು.

ಯುವರಾಜನ ಲೆಂಕರಲ್ಲಿ ಹಿರಿಯನು ಮಸಣಯ್ಯ. ಒಡೆಯನೊಡನೆ ಬಾಳುತ್ತೇನೆ, ಒಡೆಯನಿಗಿಂತ ಮೊದಲು ಸಾಯುತ್ತೇನೆ ಎಂದು ದೇವರೆದುರು ಆಣೆಯಿಟ್ಟು ಎಡಗಾಲಿಗೆ ಪೆಂಡೆಯವೆಂಬ ಕಡಗ ತೊಟ್ಟವನೇ ಲೆಂಕ. ನನ್ನಿದೇವನಿಗೆ ಕುದುರೆಯೇರುವುದನ್ನು ಕಲಿಸಿದವನೂ ಮಸಣಯ್ಯನೇ. ನಡುವಯಸ್ಸು ದಾಟಿದ್ದನು, ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಕಾರೆಗಲ್ಲಿನ ಕೋಟೆಗೆ ಗಾರೆ ಬಳಿಯುವ ಕೂಲಿಯಾಳುಗಳೊಡನೆ ಸೇರಿ ಒಳಹೊಕ್ಕು, ಗೋಡೆಯ ನೆತ್ತಿಯ ಹಲ್ಲುಸಾಲಾದ ತೆನೆಯ ಮೇಲಿಂದ ಹಗ್ಗ ಇಳಿಬಿಟ್ಟು, ಅದನ್ನು ಎರಡು ತೋಳುಗಳನ್ನೂ ಚಾಚಿ ಅಳೆದು ಬಂದಿದ್ದನು. ಗೋಡೆ ಐದೂವರೆ ಮಾರು. ಏಣಿಯನ್ನು ಓರೆಯಾಗಿ ನಿಲ್ಲಿಸಲು ಮತ್ತರ್ಧ ಮಾರು. ಒಟ್ಟು ಆರು ಮಾರುದ್ದದ ಏಣಿಗಳು ಬೇಕು. ಕಾರೆಗಲ್ಲು ಬರೀ ಬಂಡೆ. ಅಲ್ಲಿ ಕುರುಚಲು ಬಿಟ್ಟರೆ ಮರವಿಲ್ಲ. ಏಣಿಗಳು ಹೊಂಗೆರೆಯ ಅರಮನೆಯ ಮರಗೆಲಸದ ಸಾಲೆಯಲ್ಲೇ ಆಗಬೇಕಾಗಿತ್ತು. ಅವುಗಳನ್ನು ಮಾಡಿಸಿ ತರಲೆಂದು ಯುವರಾಜನು ಮಸಣಯ್ಯನನ್ನೇ ಕಳುಹಿದನು.

ಚಾವಿಮಯ್ಯನು ಅವನನ್ನು ಆದರದಿಂದ ಬರಮಾಡಿಕೊಂಡನು. "ಆರು ಮಾರು, ಮಾರಿಗೆ ನಾಲ್ಕು ಮೊಳ, ಇಪ್ಪತ್ತನಾಲ್ಕು ಮೊಳವಾಯಿತಲ್ಲವೇ?" ಎಂದು ಅವನ ಎದುರಿನಲ್ಲಿಯೇ ಬಡಗಿಗಳಾದ ಓಜರಿಗೆ ಅಪ್ಪಣೆ ಕೊಟ್ಟನು. "ನೀವು ದಣಿದಿದ್ದೀರಿ, ವಿಶ್ರಮಿಸಿಕೊಳ್ಳಿ" ಎಂದು ಅತಿಥಿಗೃಹಕ್ಕೆ ಕಳುಹಿದನು. ಅಲ್ಲಿ ಬಗೆಬಗೆಯ ಭೋಜನ, ಮೈಗೆ ಎಣ್ಣೆಯೊತ್ತುವ ಆಳುಗಳು. ಸಾಲೆಗೆ ಹೋಗುತ್ತೇನೆಂದಾಗಲೆಲ್ಲ ಒಂದಲ್ಲ ಒಂದು ಪೂಜೆಯ ಪ್ರಸಾದ, ಒಂದಲ್ಲ ಒಂದು ಆಹ್ವಾನ ಅಡ್ಡಬಂದಿತು. ಕೊನೆಗೊಂದು ಬೆಳಗ್ಗೆ ಏಣಿಗಳ ಬಂಡಿಗಳು ಕಾವಲಿನೊಡನೆ ಆಗಲೇ ಹೊರಟುಹೋಗಿವೆಯೆಂಬ ಸುದ್ದಿ ಬಂದಿತು.

ತಾನಿಲ್ಲದೆ ಬಂಡಿಗಳನ್ನು ಏಕೆ ಕಳುಹಿದರು? ಮಸಣಯ್ಯನು ಸಾಲೆಗೆ ನಡೆದನು. ಹೊಟ್ಟು, ಸಿಪ್ಪೆಗಳ ನಡುವೆ ಅಳತೆಯ ಕೋಲೊಂದು ಬಿದ್ದಿತ್ತು. ಅಭ್ಯಾಸಬಲದಿಂದ ಎತ್ತಿ ಮೊಣಕೈಗೆ ಹಿಡಿದನು. ಕೋಲು ಬೆರಳ ತುದಿಯನ್ನು ಮುಟ್ಟಲಿಲ್ಲ. ಗಿಣ್ಣುಗಳ ಹತ್ತಿರವೇ ನಿಂತಿತು. ಅವನು ಮೆಲ್ಲನೆ ಬೆರಳುಗಳನ್ನು ಮಡಿಚಿದನು. ಕೋಲು ಮುಷ್ಟಿಗೆ ಸರಿಯಾಗಿ ಕೂತಿತು.

"ಇದೇನು ಓಜಯ್ಯ?" ಎಂದು ಕೇಳಿದನು.

ಮುದಿಯ ಓಜನು ತಲೆಯೆತ್ತಲಿಲ್ಲ. "ರಾಜಹಸ್ತ, ಒಡೆಯ. ಈಗ ಎಲ್ಲದಕ್ಕೂ ಇದೇ" ಎಂದನು. ಬಳಿಕ ಬಾಗಿಲತ್ತ ನೋಡಿ, ದನಿ ತಗ್ಗಿಸಿ, "ನನಗೆ ಮಕ್ಕಳು ಮರಿಗಳಿದ್ದಾರೆ. ನೀವು ಹೊರಟುಹೋಗಿ" ಎಂದನು.

ಅದೇ ಹೊತ್ತಿಗೆ ಅರಮನೆಯಲ್ಲಿ ಸಭೆ ನೆರೆದಿತ್ತು. ಸಿಂಹಾಸನ ಬರಿದಾಗಿತ್ತು, ಅದರ ಪಕ್ಕದಲ್ಲಿ, ಜವನಿಕೆಯ ಮರೆಯಲ್ಲಿ, ರಾಣಿ ಮಾಳಲದೇವಿ ಮಗನನ್ನು ತೊಡೆಯ ಮೇಲಿರಿಸಿಕೊಂಡು ಕುಳಿತಿದ್ದಳು. ಮಸಣಯ್ಯನು ಕೋಲನ್ನು ಹಿಡಿದೇ ಸಭೆಯನ್ನು ಹೊಕ್ಕನು.

"ಮಹಾಪ್ರಧಾನರೇ, ಏಣಿಗಳು ಗಿಡ್ಡವಾಗಿವೆ. ಬಂಡಿಗಳನ್ನು ಈಗಲೇ ತಿರುಗಿಸಬೇಕು."

ಚಾವಿಮಯ್ಯನು ಮೃದುವಾಗಿ ನಕ್ಕನು. ಅವನ ನಗುವಿಗೆ ಪುರವೆಲ್ಲ ಹೆದರುತ್ತಿತ್ತು. "ಲೆಂಕರೇ, ಎಷ್ಟುದ್ದದ ಏಣಿ ಬೇಕೆಂದು ಬಂದಿದ್ದಿರಿ?"

"ಆರು ಮಾರು."

"ಮಾರಿಗೆ ಎಷ್ಟು ಮೊಳ?"

"ನಾಲ್ಕು."

"ಆರು ನಾಲ್ಕಲೆ?"

"ಇಪ್ಪತ್ತನಾಲ್ಕು."

"ಏಣಿಗಳು ಇಪ್ಪತ್ತನಾಲ್ಕು ಮೊಳವಿವೆ. ಮತ್ತೇನು ಕೊರತೆ?"

"ಲೆಕ್ಕ ಸರಿಯಾಗಿದೆ ಪ್ರಧಾನರೇ. ಮೊಳವೇ ಸರಿಯಿಲ್ಲ."

ಸಭೆಯಲ್ಲಿ ಗುಜುಗುಜು ಎದ್ದಿತು. ಚಾವಿಮಯ್ಯನು ಕೈಯೆತ್ತಿ ತಡೆದು, "ಇಂಥ ಮಾತನ್ನು ಪರೀಕ್ಷಿಸದೆ ಬಿಡಬಾರದು" ಎಂದನು. ಎಲ್ಲರೂ ಮಹಾದ್ವಾರಕ್ಕೆ ನಡೆದರು. ಹಾಡುಹಗಲಿನಲ್ಲಿ, ಪುರಜನರ ಎದುರಿನಲ್ಲಿ, ಕೋಲನ್ನು ಕಂಬದ ಗೀಟುಗಳ ನಡುವೆ ಹಿಡಿಯಲಾಯಿತು. ಎಳ್ಳಷ್ಟು ಹೆಚ್ಚಿಲ್ಲ, ಎಳ್ಳಷ್ಟು ಕಡಿಮೆಯಿಲ್ಲ.

"ಅರಸರ ಮೊಳಕ್ಕಿಂತ ಲೆಂಕರ ಕೈಯೇ ಉದ್ದವೆಂದು ತೋರುತ್ತದೆ" ಎಂದನು ಚಾವಿಮಯ್ಯ. ಹತ್ತಿರವಿದ್ದವರು ನಕ್ಕರು; ಯಾರು ನಗಲಿಲ್ಲವೆಂದು ಅವನು ನೋಡುತ್ತಿದ್ದನು.

ಮಸಣಯ್ಯನು ನಗು ನಿಲ್ಲುವವರೆಗೆ ಕಾದು ನುಡಿದನು: "ಹೊಂಗೆರೆಯ ಮೊಳವನ್ನು ನಾವು ಮೋಟು ಮಾಡಬಹುದು. ಕಾರೆಗಲ್ಲಿನ ಗೋಡೆ ನಮ್ಮ ಶಾಸನ ಕೇಳಿ ಕುಗ್ಗುವುದಿಲ್ಲ. ನಾನು ಅದನ್ನು ಅಳೆದದ್ದು ಈ ಎರಡು ತೋಳುಗಳಿಂದ. ಹಳೆಯ ಮೊಳದಲ್ಲಿ ಮಾರಿಗೆ ನಾಲ್ಕು. ಹೊಸ ಮೊಳದಲ್ಲಿ ನಾಲ್ಕೂವರೆ ದಾಟುತ್ತದೆ. ಮೊಳಕ್ಕೆ ಮೂರಂಗುಲದಂತೆ ಇಪ್ಪತ್ತನಾಲ್ಕು ಮೊಳಕ್ಕೆ ಎಪ್ಪತ್ತೆರಡಂಗುಲ ಹೋಯಿತು. ಎಂದರೆ ಮೂರು ಮೊಳ. ಏಣಿಯ ತುದಿಯಲ್ಲಿ ನಿಂತವನು ಎರಡು ಕೈಯಿಂದಲೂ ತೆನೆಯನ್ನು ಹಿಡಿದು ಜೋತುಬೀಳಬೇಕು. ಕತ್ತಿ ಗುರಾಣಿಗಳನ್ನು ಯಾವ ಕೈಯಲ್ಲಿ ಹಿಡಿದಾನು? ಏಣಿಯೇರುವಾಗ ನಮ್ಮ ಯುವರಾಜರು ಹಿಂದೆ ನಿಲ್ಲುವವರಲ್ಲವೆಂದು ಇಲ್ಲಿರುವ ಎಲ್ಲರೂ ಬಲ್ಲರು."

ಈಗ ಯಾರೂ ನಗಲಿಲ್ಲ. ಅಲ್ಲಿದ್ದ ಸಾಮಂತರಿಗೂ ಮಂತ್ರಿಗಳಿಗೂ ಎಲ್ಲವೂ ಅರ್ಥವಾಗಿತ್ತು. ಅರ್ಥವಾದುದರಿಂದಲೇ ಒಬ್ಬೊಬ್ಬರೂ ತಮ್ಮ ಉತ್ತರೀಯದ ಅಂಚನ್ನು ಸರಿಪಡಿಸಿಕೊಳ್ಳುತ್ತ ನೆಲ ನೋಡಿದರು.

"ಅರಸರ ಮೊಳವನ್ನು ಸುಳ್ಳೆಂದವನು ಅರಸರನ್ನೇ ಸುಳ್ಳೆಂದಂತೆ" ಎಂದು ಚಾವಿಮಯ್ಯನು ತಣ್ಣಗೆ ನುಡಿದನು. "ಯುದ್ಧಕಾಲದಲ್ಲಿ ಭೀತಿ ಬಿತ್ತಿದವನಿಗೆ ಏನು ಶಿಕ್ಷೆಯೆಂಬುದು ವಿಜಯವಾರ್ತೆ ಬಂದ ಮೇಲೆ ತೀರ್ಮಾನವಾಗಲಿ. ಅಲ್ಲಿಯವರೆಗೆ ಇವರು ಕಾವಲಿನಲ್ಲಿರಲಿ. ಪೆಂಡೆಯ ಬಿಚ್ಚಿರಿ."

ಕಾಲಿನ ಪೆಂಡೆಯ ಬಿಚ್ಚಲು ಭಟನು ಹಿಂಜರಿದನು. ಮಸಣಯ್ಯನು ತಾನೇ ಬಾಗಿ ಕೀಲು ತೆಗೆದುಕೊಟ್ಟನು.

ದ್ವಾರದ ಬುರುಜಿನೊಳಗೆ ಅವನನ್ನು ಕೂಡಿದರು. ಕಲ್ಲಿನ ಕಿಂಡಿಯಿಂದ ಕಾರೆಗಲ್ಲಿನ ದಾರಿ ಬಿಳಿಯ ನೂಲಿನಂತೆ ಕಾಣುತ್ತಿತ್ತು. ಬಂಡಿಗಳು ಈಗ ಯಾವ ಹಳ್ಳ ದಾಟಿರಬಹುದು, ಯಾವ ತೋಪಿನಲ್ಲಿ ಎತ್ತು ಬಿಚ್ಚಿರಬಹುದು ಎಂಬುದೊಂದೇ ಅವನ ಚಿಂತೆಯಾಯಿತು. ತಂದಿಟ್ಟ ಅನ್ನ ತಂದಂತೆಯೇ ಇದ್ದಿತು. ತನ್ನ ಸಾವಿಗೆ ಅವನು ಹೆದರಲಿಲ್ಲ. ಒಡೆಯನು ಮೊದಲು ಹೋಗಿ ತಾನು ಉಳಿದೇನೆಂಬ ಭಯ ಮಾತ್ರ ಅವನನ್ನು ಬಿಡಲಿಲ್ಲ.

ಸೆರೆಯಾದ ಮೂರನೆಯ ದಿನ, ಬಿಸಿಲು ನೆತ್ತಿಗೇರಿದ ಹೊತ್ತು, ಬಾಗಿಲು ತೆರೆಯಿತು. ರಾಣಿ ಮಾಳಲದೇವಿ ಒಬ್ಬಳೇ ಒಳಬಂದಳು. ದ್ವಾರದ ಗಣಪತಿಗೆ ಪೂಜೆಯೆಂದು ಹೇಳಿ ಬಂದಿದ್ದಳೆಂಬುದು ಕೈಯ ಹರಿವಾಣದಿಂದ ತಿಳಿಯುತ್ತಿತ್ತು.

"ಮಸಣಯ್ಯನವರೇ, ನಮ್ಮಣ್ಣ ನೀವು ಹೆದರಿ ಹುಚ್ಚಾದಿರೆನ್ನುತ್ತಾರೆ. ನಾನು ಹೆಣ್ಣು, ಅಂಗುಲ ಮೊಳಗಳ ಲೆಕ್ಕ ಅರಿಯೆ. ಎಷ್ಟು ಗಿಡ್ಡ? ನನಗೆ ತಿಳಿಯುವಂತೆ ತೋರಿಸಿ."

ಮಸಣಯ್ಯನು ಎದ್ದುನಿಂತು ಅಂಗೈಯನ್ನು ನೆಲದತ್ತ ತೋರಿ, ಬಳಿಕ ತನ್ನ ಹೆಗಲ ಮೇಲಿಟ್ಟನು. "ಇಷ್ಟು, ತಾಯಿ."

ರಾಣಿ ಆ ಹೆಗಲನ್ನೇ ಬಹಳ ಹೊತ್ತು ನೋಡಿದಳು.

"ಸುಳ್ಳು ಹೇಳಲಾರೆ. ನನ್ನ ಮಗ ಪಟ್ಟವೇರಲಿ ಎಂದು ದೇವರಿಗೆ ಹರಕೆ ಹೊತ್ತವಳೇ ನಾನು. ಅಣ್ಣ ಕೇಳಿದಾಗ ಮೌನವಾಗಿದ್ದೆ. ಮೌನವನ್ನು ಒಪ್ಪಿಗೆಯೆಂದು ಅವರು ತಿಳಿದಿರಬೇಕು. ಹಣೆಯಲ್ಲಿ ಬರೆದಿದ್ದರೆ ಬರಲಿ ಎಂದುಕೊಂಡೆನೇ ಹೊರತು, ಹೆಣದ ಮೇಲೆ ಪಟ್ಟ ಹಾಸುತ್ತಾರೆಂದು ಎಣಿಸಿರಲಿಲ್ಲ. ನನ್ನಿದೇವ ನನ್ನನ್ನು ಚಿಕ್ಕಮ್ಮ ಎನ್ನಲಿಲ್ಲ ಯಾವತ್ತೂ. ಅಮ್ಮ ಎಂದೇ ಕರೆದ."

ಅವಳು ಹರಿವಾಣದ ಹೂವಿನ ಕೆಳಗಿನಿಂದ ತನ್ನ ಮುದ್ರೆಯುಂಗುರವನ್ನೂ ಅವನ ಪೆಂಡೆಯವನ್ನೂ ತೆಗೆದಳು. "ನನ್ನ ಲಾಯದ ಕಪಿಲೆ ಹೊರಗಿದೆ. ಅದರಷ್ಟು ವೇಗದ ಕುದುರೆ ಈ ರಾಜ್ಯದಲ್ಲಿಲ್ಲ. ಹೊರಡಿ."

"ಪ್ರಧಾನರಿಗೆ ತಿಳಿದರೆ ತಮಗೆ..."

"ತಿಳಿದೇ ತಿಳಿಯುತ್ತದೆ. ಅಲ್ಲಿಯವರೆಗೆ ನೀವು ದೂರ ಹೋಗಿರಬೇಕು."

ಅವನು ರಾಣಿಯ ಪಾದಕ್ಕೆ ಮಣಿದು, ಪೆಂಡೆಯ ತೊಟ್ಟು, ಮೆಟ್ಟಿಲಿಳಿದನು.

ಐದು ಗಾವುದದ ದಾರಿಯನ್ನು ಅವನು ಹೇಗೆ ಕ್ರಮಿಸಿದನೆಂಬುದು ಅವನಿಗೇ ನೆನಪಿರಲಿಲ್ಲ. ಮುದ್ರೆಯುಂಗುರ ಕಂಡ ಸುಂಕದ ಕಟ್ಟೆಗಳು ದಾರಿ ಬಿಟ್ಟವು. ಮರುದಿನದ ಎಳೆಬಿಸಿಲಿನಲ್ಲಿ ಕಪಿಲೆ ಬಾಯಲ್ಲಿ ನೊರೆ ಸುರಿಸುತ್ತ ಕಾರೆಗಲ್ಲಿನ ಹಳ್ಳದ ದಂಡೆಯಲ್ಲಿ ಕುಸಿದುಬಿದ್ದಾಗ ಬೆಟ್ಟದ ಮೇಲಿಂದ ರಣಭೇರಿಯ ಸದ್ದು ಕೇಳಿಬಂದಿತು. ಲಗ್ಗೆ ಆಗಲೇ ಮೊದಲಾಗಿತ್ತು.

ಮಸಣಯ್ಯನು ಬಂಡೆಗಳನ್ನು ಹಿಡಿದು ಮೇಲೇರಿದನು. ಕೋಟೆಯ ಗೋಡೆಗೂ ಪ್ರಪಾತಕ್ಕೂ ನಡುವಿನ ಇಕ್ಕಟ್ಟಾದ ಕಲ್ಲುಹಾಸಿನಲ್ಲಿ ಸೇನೆ ಒತ್ತರಿಸಿ ನಿಂತಿತ್ತು. ಏಣಿಗಳು ಗೋಡೆಗೆ ಒರಗಿದ್ದವು. ಒಂದರ ತುದಿಯೂ ತೆನೆಯನ್ನು ಮುಟ್ಟಿರಲಿಲ್ಲ. ಮೊದಲು ಏರಿದ ವೀರರು ತುದಿಯ ಮೆಟ್ಟಿಲಲ್ಲಿ ನಿಂತು ಕೈ ಚಾಚಿದ್ದರು. ಮೇಲಿನವರು ಆ ಕೈಗಳನ್ನೇ ಕಡಿದಿದ್ದರು. ಗೋಡೆಯ ಬುಡದಲ್ಲಿ ಅವರ ದೇಹಗಳು ಬಿದ್ದಿದ್ದವು. ನನ್ನಿದೇವನು ಸೊಂಟಕ್ಕೆ ವಸ್ತ್ರ ಬಿಗಿದು ನಡುವಣ ಏಣಿಗೆ ಕೈಯಿಡುತ್ತಿದ್ದನು.

"ಒಡೆಯಾ, ನಿಲ್ಲಿ!"

ಯುವರಾಜನು ತಿರುಗಿ ನೋಡಿದನು. "ಮಸಣಣ್ಣ! ಎಲ್ಲಿದ್ದೆ? ಗೋಡೆಯನ್ನು ನೀನೇ ಅಳೆದೆಯಲ್ಲ? ಏಣಿ ಸಾಲುತ್ತಿಲ್ಲ!"

ಆ ಮಾತಿನಲ್ಲಿ ಸಂಶಯವಿರಲಿಲ್ಲ, ನೋವಿತ್ತು. ಮಸಣಯ್ಯನು ಏದುಸಿರು ಬಿಡುತ್ತ ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಹೇಳಿದನು. ನನ್ನಿದೇವನ ಮುಖ ಕಲ್ಲಾಯಿತು. ಅವನು ಹಿಂದಿರುಗಿ ನೋಡಿದನು. ಇಳಿಯುವ ದಾರಿ ಒಬ್ಬೊಬ್ಬರೇ ಹೋಗುವಷ್ಟು ಕಿರಿದು. ಬೆನ್ನು ತೋರಿದೊಡನೆ ಸಂಕರಸನು ಬಾಗಿಲು ತೆರೆದು ಮೇಲೆ ಬೀಳುವನು. ಸೇನೆಯೆಲ್ಲ ಪ್ರಪಾತದ ಪಾಲು.

"ಹಿಂದೆ ಹೋಗುವಂತಿಲ್ಲ" ಎಂದನು ಯುವರಾಜ.

"ಹೋಗಬೇಕಿಲ್ಲ. ಕೊರತೆ ಮೂರು ಮೊಳ. ನನ್ನ ಹೆಗಲು ನೆಲದಿಂದ ಅಷ್ಟೇ ಎತ್ತರದಲ್ಲಿದೆ."

ಕ್ಷಣಕಾಲ ನನ್ನಿದೇವನಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ, "ಬೇಡ" ಎಂದನು. "ಮೇಲಿಂದ ಕಲ್ಲು ಬೀಳುತ್ತಿದೆ, ಕಾದ ಎಣ್ಣೆ ಬೀಳುತ್ತಿದೆ. ಏಣಿ ಹೊತ್ತವನು ಗುರಾಣಿ ಹಿಡಿಯಲಾರ, ಸರಿದು ನಿಲ್ಲಲಾರ. ನಿನ್ನ ಮೇಲೆ ಕಾಲಿಟ್ಟು ನಾನು ಹತ್ತಲಾರೆ ಮಸಣಣ್ಣ."

"ಕುದುರೆ ಹತ್ತಲು ಕಲಿಯುವಾಗ ಎಷ್ಟು ಸಲ ಹತ್ತಿಲ್ಲ?" ಎಂದು ಮಸಣಯ್ಯನು ಮುಗುಳ್ನಕ್ಕನು. ಆ ನಗುವನ್ನು ಕಂಡವರಿಗೆ ಅದೇ ಹೊಸದು. "ಹೊತ್ತು ಮೀರುತ್ತಿದೆ, ಒಡೆಯಾ."

ಅವನು ರುಮಾಲು ಬಿಚ್ಚಿ ಮಡಿಸಿ ಬಲಹೆಗಲ ಮೇಲಿಟ್ಟುಕೊಂಡು ನಡುವಣ ಏಣಿಯ ಬಲಗಾಲಿನ ಬಳಿ ಬಂಡೆಗೆ ಬೆನ್ನು ಕೊಟ್ಟು ನಿಂತನು. ಎಡಗಾಲಿಗೆ ಕೇತಣನೆಂಬ ಕಿರಿಯ ಲೆಂಕನು ಬಂದು ನಿಂತನು. ಯಾರೂ ಕರೆಯಲಿಲ್ಲ, ಯಾರೂ ಆಜ್ಞಾಪಿಸಲಿಲ್ಲ. ಪೆಂಡೆಯ ತೊಟ್ಟ ಕಾಲುಗಳು ಒಂದೊಂದಾಗಿ ಉಳಿದ ಏಣಿಗಳ ಬುಡಕ್ಕೂ ನಡೆದವು. ಏಣಿಗಳು ಮೇಲೆದ್ದವು. ಅವುಗಳ ತುದಿ ಈ ಸಲ ತೆನೆಯನ್ನು ದಾಟಿತು.

ಮೊದಲ ಭಾರ ಬಿದ್ದಾಗ ಮಸಣಯ್ಯನು ಬೆನ್ನನ್ನು ಬಂಡೆಗೆ ಒತ್ತಿ ನಿಂತನು. ತಲೆಯ ಮೇಲೆ ಒಡೆಯನ ಹೆಜ್ಜೆ ಒಂದೊಂದೇ ಮೆಟ್ಟಿಲೇರುವುದು ಏಣಿಯ ಕಾಲಿನಿಂದ ಅವನ ಎಲುಬಿಗೆ ತಿಳಿಯುತ್ತಿತ್ತು. ಕಲ್ಲೊಂದು ತೋಳಿಗೆ ಬಡಿಯಿತು. ಬಾಣವೊಂದು ಕೊರಳ ಬುಡದಲ್ಲಿ ನಾಟಿತು. ಅವನು ಅಲುಗಲಿಲ್ಲ, ಅಲುಗಿದರೆ ಏಣಿ ಜಾರುತ್ತಿತ್ತು. ಒಡೆಯನ ಬೆನ್ನಿಗೆ ಇನ್ನೊಬ್ಬ, ಮತ್ತೊಬ್ಬ, ಸಾಲುಸಾಲಾಗಿ ಸೇನೆ ಅವನ ಹೆಗಲ ಮೇಲಿಂದ ಕೋಟೆಯೊಳಕ್ಕೆ ಹರಿಯಿತು.

ಬಿಸಿಲು ಏರುವ ವೇಳೆಗೆ ಕಾರೆಗಲ್ಲು ಬಿದ್ದಿತು. ಸಂಕರಸನು ಆಯುಧವಿಟ್ಟು ಶರಣಾದನು. ನನ್ನಿದೇವನು ವಿಜಯದ ಕಹಳೆಯನ್ನು ತಡೆದು, ಬಾಗಿಲು ತೆರೆಸಿ, ಗೋಡೆಯ ಬುಡಕ್ಕೆ ಓಡಿಬಂದನು. ಮಸಣಯ್ಯನು ನಿಂತೇ ಇದ್ದನು. ಏಣಿಯ ಕಾಲು ಅವನನ್ನು ಬಂಡೆಗೆ ಬಿಗಿಹಿಡಿದಿತ್ತು. ಸತ್ತ ಮೇಲೂ ಬೀಳಲು ಎಡೆಯಿರಲಿಲ್ಲ. ಪಕ್ಕದಲ್ಲಿ ಕೇತಣನು ಮುರಿದ ಹೆಗಲನ್ನು ಹಿಡಿದುಕೊಂಡು ಕುಳಿತಿದ್ದನು.

"ಏನಾದರೂ ಹೇಳಿದನೇ?" ಎಂದು ಯುವರಾಜನು ಕೇಳಿದನು.

"ಒಂದೇ ಮಾತು ಒಡೆಯಾ. 'ಮುಟ್ಟಿದರೇ?' ಎಂದರು. 'ಮುಟ್ಟಿದರು' ಎಂದೆ. ಆಮೇಲೆ ಮಾತಿಲ್ಲ."

ಯುವರಾಜನು ತನ್ನ ಕೈಯಾರೆ ಏಣಿಯನ್ನು ಎತ್ತಿ ಸರಿಸಿ, ಆ ಭಾರವಾದ ದೇಹವನ್ನು ತೋಳುಗಳಲ್ಲಿ ಇಳಿಸಿಕೊಂಡನು. ಕಲಿತದ್ದೆಲ್ಲ ಮರೆತ ಬಾಲಕನಂತೆ ಅವನು ಅತ್ತನು. ಸೇನೆ ಮುಖ ತಿರುಗಿಸಿ ನಿಂತಿತು.

ಇತ್ತ ಹೊಂಗೆರೆಯಲ್ಲಿ ಚಾವಿಮಯ್ಯನು ದುರ್ವಾರ್ತೆಯನ್ನೇ ಎದುರುನೋಡುತ್ತ ಶೋಕಕ್ಕೆಂದು ಬಿಳಿಯ ವಸ್ತ್ರಗಳನ್ನು ಸಿದ್ಧವಾಗಿರಿಸಿದ್ದನು. ರಾಣಿಯ ಉಪಾಯ ತಿಳಿದ ದಿನದಿಂದ ಆಕೆಯ ಅಂತಃಪುರಕ್ಕೆ ಕಾವಲು ಹಾಕಿಸಿದ್ದನು. ಸೇನೆ ಮರಳುತ್ತಿದೆಯೆಂದೂ ಮುಂದೆ ಚಟ್ಟವೊಂದು ಬರುತ್ತಿದೆಯೆಂದೂ ಚರರು ತಿಳಿಸಿದಾಗ, ಆ ಬಿಳಿಯನ್ನು ಉಟ್ಟು, ಕಣ್ಣುಗಳನ್ನು ಕೆಂಪಾಗಿಸಿಕೊಂಡು, ಪುರಪ್ರಮುಖರೊಡನೆ ಹೊರಬಯಲಿಗೆ ಬಂದನು. ಚಟ್ಟ ಹತ್ತಿರವಾಯಿತು. ಅದರ ಹಿಂದೆ, ಬರಿಗಾಲಿನಲ್ಲಿ, ಧೂಳು ಮೆತ್ತಿದ ಮುಖದ ನನ್ನಿದೇವನು ನಡೆದುಬರುತ್ತಿದ್ದನು.

ಸಾಮಂತರು ಒಬ್ಬೊಬ್ಬರಾಗಿ ಚಾವಿಮಯ್ಯನಿಂದ ಒಂದೊಂದು ಹೆಜ್ಜೆ ಸರಿದುನಿಂತರು.

ಯುವರಾಜನು ಅವನ ಎದುರಿಗೆ ಬಂದು ಕೈಮುಗಿದನು. ಅವನ ದನಿಯಲ್ಲಿ ಕೋಪವಿರಲಿಲ್ಲ.

"ಮಾವನವರೇ, ಆಳುಗಳು ದಣಿದಿದ್ದಾರೆ. ತಮ್ಮ ಹೆಗಲು ಕೊಡಿ."

ನಿರಾಕರಿಸಲು ಅಲ್ಲಿ ದಾರಿಯಿರಲಿಲ್ಲ. ಮಹಾಪ್ರಧಾನನು ಬಾಗಿ ಚಟ್ಟದ ಮುಂಗಾಲನ್ನು ಹೆಗಲಿಗೇರಿಸಿಕೊಂಡನು. ಪುರಜನರೆಲ್ಲ ನೋಡುತ್ತಿರಲು, ಎಡವುತ್ತ, ಏಗುತ್ತ, ಕೆರೆಯಾಚೆಯ ಸುಡುಗಾಡಿನವರೆಗೆ ಹೊತ್ತು ನಡೆದನು. ಯಾರೂ ಅವನಿಗೆ ಹೆಗಲು ಬದಲಿಸಲಿಲ್ಲ. ಚಿತೆಗೆ ನನ್ನಿದೇವನು ಮಗನಂತೆ ಬೆಂಕಿಯಿಟ್ಟನು; ಕಾವಲು ಬಿಡಿಸಿಕೊಂಡು ಬಂದ ರಾಣಿ ಮಾಳಲದೇವಿ ಅಣ್ಣನತ್ತ ತಿರುಗಿಯೂ ನೋಡದೆ ಒಂದು ಹಿಡಿ ಚಂದನವನ್ನು ಅದಕ್ಕೆ ಹಾಕಿದಳು.

ಉರಿ ಇಳಿದ ಮೇಲೆ ಜನ ಪುರದತ್ತ ಹೆಜ್ಜೆ ಹಾಕಿದರು. ಯುವರಾಜನೂ ನಡೆದನು. ಚಾವಿಮಯ್ಯನಿಗೆ ಮಾತ್ರ ಪುರಕ್ಕೆ ಹಿಂದಿರುಗಲು ಅಂದೂ ಮುಂದೆಂದೂ ಅಪ್ಪಣೆಯಾಗಲಿಲ್ಲ.